ಎಡಗಡೆಯ ಸೀಟು

ನವೆಂಬರ್ 5, ಮಂಗಳವಾರ. ಬೆಳಿಗ್ಗೆ 10

ಆಸ್ಪತ್ರೆಯ ಹಿಂದಿನ ಅಂಗಳ. ಟೀಚರನ್ನು ಒಳಗೆ ಡಯಾಲಿಸಿಸ್ ಮೆಷಿನ್‌ಗೆ ಒಪ್ಪಿಸಿ ಬಂದೆ. ಅವಳ ರಕ್ತ ತೊಳೆದು ಮುಗಿಸಲು ನಾಲ್ಕು ಗಂಟೆ ಬೇಕು. ಅಷ್ಟರಲ್ಲಿ ನಾನು ನಮ್ಮ ಪಿಕಪ್ ಗಾಡಿ ದೊಡ್ಡಮ್ಮನ ಕೆಳಗೆ ನುಗ್ಗಿ ಗ್ರೀಸ್ ಹೊಡೆಯುತ್ತೇನೆ. ಮಂಗಳವಾರ, ಶುಕ್ರವಾರ — ಇದೇ ಕಥೆ.

ಹೆಂಡತಿಯನ್ನು ಟೀಚರ್ ಅನ್ನುವುದು ಊರಿನವರಿಂದ ಅಂಟಿದ ಚಾಳಿ. ಪಿಕಪ್‌ಗೆ ದೊಡ್ಡಮ್ಮ ಅಂತ ಹೆಸರಿಟ್ಟವಳು ಅವಳೇ. ಪ್ರತಿ ಏರಿನ ಮುಂದೆ ಗೊಣಗಿ ಗೊಣಗಿ, ಆಮೇಲೆ ಎಲ್ಲರಿಗಿಂತ ಮೊದಲು ಹತ್ತಿ ನಿಲ್ಲುತ್ತದಲ್ಲ, ಅದಕ್ಕೆ. ಎಷ್ಟು ಸಿಮೆಂಟ್ ಹೊತ್ತಿದೆ, ಕೆಸರಲ್ಲಿ ಗಾಡಿ ಓಡಿಸುವ ಎಷ್ಟು ಪಂದ್ಯ ಗೆದ್ದಿದೆ! ಈಗ ನಮ್ಮ ಗುಡ್ಡದ ದಾರಿಯಲ್ಲಿ ಬೇರೆ ಯಾವ ಗಾಡಿಯೂ ಬರುವುದಿಲ್ಲ. ದೊಡ್ಡಮ್ಮ ಇಲ್ಲದಿದ್ದರೆ ಟೀಚರ್ ಇಲ್ಲ. ಅಷ್ಟು ಸರಳ.

ಗೇರ್ ಬಾಕ್ಸ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆ. ಹೊಳೆ ದಾಟುವಾಗ ನೀರು ಹೊಕ್ಕಿರಬೇಕು. ಬದಲಾಯಿಸಬೇಕು.

ಒಳಗೆ ಹೋಗಿ ಇಣುಕಿ ಬಂದೆ. ಎಡಗೈ ಚಾಚಿ ಮಲಗಿದ್ದಾಳೆ. ಆಪರೇಷನ್ ಮಾಡಿ ರಕ್ತನಾಳ ಜೋಡಿಸಿರುವುದು ಆ ಕೈಯಲ್ಲೇ, ಸೂಜಿ ಅಲ್ಲೇ. “ಈ ಕೈಗೆ ಪೆಟ್ಟು ಬೀಳ್ಬಾರ್ದು” ಅಂತ ಸಿಸ್ಟರ್ ಇವತ್ತೂ ಹೇಳಿದರು. ಪುಣ್ಯಾತ್ಗಿತ್ತಿ, ಒಂದು ದಿನವೂ ಮುಖ ಸಿಂಡರಿಸಿಲ್ಲ.

ನವೆಂಬರ್ 8, ಶುಕ್ರವಾರ. ಸಂಜೆ

ಬರುವಾಗ ಹೊಳೆಯ ಹತ್ತಿರ ಎರಡು ಸಲ ನಿಲ್ಲಿಸಿದೆ. ಎರಡು ಸಲವೂ ವಾಂತಿ. ಮೆಷಿನ್‌ನಿಂದ ಎದ್ದ ದಿನ ಮೈಯಲ್ಲಿ ತ್ರಾಣವೇ ಇರುವುದಿಲ್ಲ, ಅದರ ಮೇಲೆ ಈ ಕುಲುಕಾಟ. ಬಾಯಿ ತೊಳೆದುಕೊಂಡು ಬಂಡೆಯ ಮೇಲೆ ಕೂತಳು.

“ರೀ, ಆ ಮೆಷಿನ್ ಜೊತೆ ನನಗೇನೂ ಜಗಳ ಇಲ್ಲ. ಈ ದಾರಿ ಸಾಕಾಗಿದೆ. ಈ ತಿಂಗಳು ಬರ್ತೀನಿ. ಆಮೇಲೆ ಬೇಡ.”

“ಬೇಡ ಅಂದ್ರೆ?”

“ಬೇಡ ಅಂದ್ರೆ ಬೇಡ. ಅರ್ಥ ಹೇಳಿ ಬರೆಸ್ಲಾ?”

ನಗಲಿ ಅಂತ ಹೇಳಿದ್ದು. ನನಗೆ ನಗು ಬರಲಿಲ್ಲ. ಬಿಟ್ಟರೆ ಏನಾಗುತ್ತದೆ ಅಂತ ಇಬ್ಬರಿಗೂ ಗೊತ್ತು. ಡಾಕ್ಟರು ಮೊದಲೇ ಹೇಳಿದ್ದಾರೆ — ತಿಂಗಳುಗಳಲ್ಲ, ವಾರಗಳು.

ಹೆದರಿಕೆಯಾಗುತ್ತಿದೆ. ಬರೆದರಾದರೂ ಕಡಿಮೆಯಾಗುತ್ತದೇನೋ ಅಂದುಕೊಂಡೆ. ಇಲ್ಲ.

ನವೆಂಬರ್ 10, ಭಾನುವಾರ

ಬಾಮೈದ ಬಂದಿದ್ದ. ಅಕ್ಕನ ಮಾತು ಕೇಳಿ ಮುಖ ಬಿಳಿಚಿಕೊಂಡಿತು. “ಭಾವ, ಇಬ್ಬರೂ ನಮ್ಮನೇಲಿ ಇದ್ಬಿಡಿ. ಆಸ್ಪತ್ರೆ ನಡ್ಕೊಂಡು ಹೋಗುವಷ್ಟು ದೂರ. ನನ್ನ ರೂಮೇ ಬಿಟ್ಕೊಡ್ತೀನಿ” ಅಂದ. ಬಾಯಿಮಾತಿಗೆ ಅಲ್ಲ, ಮನಸ್ಸಿನಿಂದ ಅಂದ. ಇಂಥ ಬಾಮೈದ ಎಷ್ಟು ಜನಕ್ಕೆ ಸಿಗುತ್ತಾನೆ?

ಟೀಚರ್ ಅವನ ತಲೆ ಸವರಿದಳು. “ಅಲ್ಲಿದ್ರೆ ನಾನು ವಾರಪೂರ್ತಿ ರೋಗಿ ಕಣೋ. ಇಲ್ಲಿ ಎರಡು ದಿನ ಮಾತ್ರ ರೋಗಿ. ಉಳಿದ ದಿನ ಶಾಲೆ ಬಾಗಿಲು ತೆಗೀತೀನಿ.”

ಗುಡ್ಡದ ಮೇಲಿರುವುದು ಒಂದೇ ಕೋಣೆಯ ಶಾಲೆ. ಇರುವುದು ಅವಳೊಬ್ಬಳೇ ಟೀಚರ್. ವಾದ ಮಾಡುವ ಹಾಗಿರಲಿಲ್ಲ.

ಮನೆ ಬದಲಾಗುವುದಿಲ್ಲ. ದಾರಿ ಬದಲಾಗುವುದಿಲ್ಲ. ಹಾಗಾದರೆ ಗಾಡಿ ಬದಲಾಗಬೇಕು.

ನವೆಂಬರ್ 12, ಮಂಗಳವಾರ

ಕುಲುಕಾಟ ತಡೆಯಲಿ ಅಂತ ಹೊಸ ಶಾಕ್ಸ್ ತಂದು, ಟೀಚರನ್ನು ಮನೆಗೆ ಬಿಟ್ಟ ಮೇಲೆ ನಾನೇ ಕೂರಿಸಿದೆ. ಅಂಗಡಿಯಲ್ಲಿದ್ದವುಗಳಲ್ಲೇ ಗಟ್ಟಿಯವು, ಪಂದ್ಯದ ಗಾಡಿಗೆ ಹಾಕುವಂಥವು. ಹಳದಿ ಬಣ್ಣ. ಅಡಿಯಿಂದ ನೋಡಿದರೆ ದೊಡ್ಡಮ್ಮ ಹೊಸ ಕಾಲುಚೀಲ ಹಾಕಿಕೊಂಡ ಹಾಗಿದೆ. ಶುಕ್ರವಾರ ನೋಡಲಿ ಟೀಚರ್!

ನವೆಂಬರ್ 15, ಶುಕ್ರವಾರ

ಇನ್ನೂ ಕೆಟ್ಟಿತು. ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡು ಕೂತಿದ್ದಳು. “ಬಣ್ಣ ಚೆನ್ನಾಗಿದೆ” ಅಂದಳು, ಅಷ್ಟೇ.

ನವೆಂಬರ್ 17, ಭಾನುವಾರ. ಮಧ್ಯಾಹ್ನ

ಸುತ್ತಿಗೆಯ ಗ್ಯಾರೇಜಿನಿಂದ ಈಗ ಬಂದೆ. ಯಾವ ಕೆಲಸವನ್ನಾದರೂ ಮೊದಲು ಸುತ್ತಿಗೆಯಿಂದ ಒಂದು ಕುಟ್ಟಿ ನೋಡಿಯೇ ಶುರು ಮಾಡುವ ಮನುಷ್ಯ, ಹೆಸರೂ ಅದೇ ಆಯಿತು. ಹಳದಿ ಶಾಕ್ಸ್ ನೋಡಿ ಮೂಗು ಮುರಿದ. ಅವನ್ನೂ ಕುಟ್ಟಿದ. “ಎಲ್ಲೋ ಕಟಕಟ ಅಂತಿದೆಯಲ್ಲಯ್ಯ. ನಾನು ಓಡಿಸ್ತೀನಿ, ನೀನು ಆ ಕಡೆ ಕೂತು ಕಿವಿಗೊಟ್ಟು ಕೇಳು.”

ಎಡಗಡೆ ಕೂತೆ. ಗುಂಡಿಗಳಿರುವ ಹಿಂದಿನ ದಾರಿಗೆ ಇಳಿಸಿದ. ಮೊದಲ ಗುಂಡಿಗೇ ನನ್ನ ಭುಜ ಬಾಗಿಲಿಗೆ ಬಡಿಯಿತು. ಎರಡನೆಯದಕ್ಕೆ ತಲೆ ಚಾವಣಿಗೆ. ಕೈ ತಾನಾಗಿ ಬಾಗಿಲ ಮೇಲಿನ ಹಿಡಿಗೆ ಹೋಯಿತು. ಕಬ್ಬಿಣದ ದಪ್ಪ ಹಿಡಿ. ನಾನೇ ವೆಲ್ಡ್ ಮಾಡಿಸಿದ್ದು — ಅವಳಿಗೆ ಅಂತಲೇ.

ಎಡಗೈಯಲ್ಲಿ ಹಿಡಿಯಬೇಕಾದ ಹಿಡಿ.

ಅವಳ ಎಡಗೈ!

ಹಿಡಿ ಬಿಟ್ಟೆ. ಅವಳ ಹಾಗೆ ಎಡಗೈಯನ್ನು ಮಡಿಲಲ್ಲಿಟ್ಟು, ಪೆಟ್ಟು ಬೀಳದಂತೆ ಬಲಗೈಯಿಂದ ಅವುಚಿಕೊಂಡೆ. ಹಿಡಿದುಕೊಳ್ಳಲು ಕೈಯೇ ಉಳಿಯಲಿಲ್ಲ. ಮೂಟೆಯ ಹಾಗೆ ಉರುಳಾಡಿದೆ. ಹತ್ತೊಂಬತ್ತು ವರ್ಷದಿಂದ ಈ ಗಾಡಿ ಇದೆ, ನಾನು ಸ್ಟೀರಿಂಗ್ ಬಿಟ್ಟು ಈ ಕಡೆ ಒಮ್ಮೆಯೂ ಕೂತಿಲ್ಲ. ನನಗೇನು, ಹಿಡಿದುಕೊಳ್ಳಲು ಸ್ಟೀರಿಂಗ್ ಇದೆ.

“ನಿಲ್ಸಣ್ಣ” ಅಂದೆ.

“ಶಬ್ದ ಸಿಕ್ತಾ?”

ಇಳಿದು ಎಲ್ಲ ಹೇಳಿದೆ. ಸುತ್ತಿಗೆ ಬಗ್ಗಿ ಹಿಂದಿನ ಸ್ಪ್ರಿಂಗಿನ ಪಟ್ಟಾಗಳನ್ನು ಒಂದು ಕುಟ್ಟಿದ. “ಎರಡು ಟನ್ ಹೊರೋಕೆ ಕಟ್ಟಿರೋ ಗಾಡಿ ಇದು. ಸ್ಪ್ರಿಂಗಿಗೆ ಹೆಚ್ಚಿಗೆ ಪಟ್ಟಾ ಬೇರೆ ಸೇರಿಸಿದ್ದೀಯ. ಇದರಲ್ಲಿ ಹೂವಿನಂಥ ಹೆಣ್ಣುಮಗಳನ್ನ ಕೂರಿಸಿದ್ರೆ ಎಗರದೆ ಇನ್ನೇನು ಮಾಡುತ್ತೆ? ಬಿಚ್ಚೋಣ. ಆದರೆ ಬಿಚ್ಚಿದ್ರೆ ಮತ್ತೆ ಸಿಮೆಂಟ್ ಹೊರೋಕಾಗಲ್ಲ. ಪಂದ್ಯವಂತೂ ಮರೆತುಬಿಡು.”

“ಬಿಚ್ಚಣ್ಣ” ಅಂದೆ. ಯೋಚನೆ ಮಾಡಬೇಕಾಗಿಯೇ ಬರಲಿಲ್ಲ. ಅದಕ್ಕೆ ನನಗೇ ಆಶ್ಚರ್ಯ.

ನವೆಂಬರ್ 21, ಗುರುವಾರ

ಬೇರೆಯವರೆಲ್ಲ ಗಾಡಿಯನ್ನು ಗಟ್ಟಿ ಮಾಡಿಸುತ್ತಾರೆ. ನಾವು ಮಂಗಳವಾರದ ಆಸ್ಪತ್ರೆ ಸರದಿ ಬಿಟ್ಟು ಮೂರು ದಿನ ಮೆತ್ತಗೆ ಮಾಡಿದೆವು. ಹಿಂದಿನ ಸ್ಪ್ರಿಂಗ್‌ನಿಂದ ನಾನು ಸೇರಿಸಿದ್ದ ಪಟ್ಟಾಗಳನ್ನು ತೆಗೆದೆವು. ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು, ಈ ಸಲ ಸುತ್ತಿಗೆಗೆ ನಿಜವಾಗಿಯೂ ಕೆಲಸ ಸಿಕ್ಕಿತು. ಉಳಿದ ಪಟ್ಟಾಗಳ ನಡುವೆ ಗ್ರೀಸ್, ಹೊಸ ರಬ್ಬರ್ ಬುಶ್. ಹಳದಿ ಕಾಲುಚೀಲ ಬಿಚ್ಚಿ ಮೆತ್ತನೆಯ ಶಾಕ್ಸ್. ಟೈರಿನಲ್ಲಿ ಗಾಳಿ ಕಡಿಮೆ. ಎಡಗಡೆಗೆ ಗುಜರಿಯಲ್ಲಿ ಸಿಕ್ಕ ಹಳೇ ಬಸ್ಸಿನ ಸೀಟು, ಎರಡೂ ಬದಿಗೆ ಒರಗು ಇದೆ. ಹಿಡಿಯನ್ನು ಬಾಗಿಲಿನಿಂದ ಕತ್ತರಿಸಿ ಡ್ಯಾಶ್‌ಬೋರ್ಡಿನ ನಡುವೆ, ಬಲಗೈಗೆ ಎಟುಕುವಂತೆ ಕೂರಿಸಿದೆವು.

ಬಾಮೈದ ರಜೆ ಹಾಕಿ ಬಂದು ಮರಳು ಮೂಟೆ ಕಟ್ಟಿ ಹಿಂದೆ ಜೋಡಿಸಿದ. ಸ್ವಲ್ಪ ಭಾರವಿದ್ದರೆ ಗಾಡಿ ಎಗರದೆ ಕೂತು ಓಡುತ್ತದೆ. ಸುತ್ತಿಗೆಯ ಹೆಂಡತಿ ಹಳೇ ರಜಾಯಿ ಕತ್ತರಿಸಿ ಎಡಗೈ ಇಡಲು ತೊಟ್ಟಿಲಿನಂಥದ್ದೊಂದು ಹೊಲಿದುಕೊಟ್ಟರು. ಟೀಚರನ್ನು ಅವರು ನೋಡಿಯೇ ಇಲ್ಲ. ಯಾರ ಋಣ ಯಾವ ಜನ್ಮದಲ್ಲಿ ತೀರಿಸಲಿ!

ಸಿಮೆಂಟ್ ಅಂಗಡಿಯವರಿಗೆ ಇನ್ನು ಬರುವುದಿಲ್ಲ ಅಂದೆ. “ದೊಡ್ಡಮ್ಮಂಗೆ ಮಂಡಿನೋವಾ?” ಅಂತ ಆಡಿಕೊಂಡರು. ಆಡಿಕೊಳ್ಳಲಿ.

ನವೆಂಬರ್ 22, ಶುಕ್ರವಾರ. ಸಂಜೆ

ಸೀಟಿಗೆ ಕೂತವಳೇ ಹಿಡಿಯನ್ನು ನೋಡಿದಳು. ಆಮೇಲೆ ನನ್ನನ್ನು. ಬಲಗೈಯಲ್ಲಿ ಹಿಡಿದುಕೊಂಡಳು.

ಹೋಗುವಾಗ ಬೆಣ್ಣೆ. ನನಗೆ ಕೊಬ್ಬು ಬಂತು. ಬರುವಾಗ ಹೊಳೆಗೆ ಹಳೇ ವೇಗದಲ್ಲೇ ಇಳಿಸಿದೆ. ಸ್ಪ್ರಿಂಗ್ ಪೂರ್ತಿ ಕುಸಿದು ಗಾಡಿಯ ಹೊಟ್ಟೆ ಬಂಡೆಗೆ ಉಜ್ಜಿತು. ಸೈಲೆನ್ಸರ್ ಕಿತ್ತುಬಂತು. ಟೀಚರಿಗೆ ಪೆಟ್ಟಾಗಲಿಲ್ಲ, ಆದರೆ ಮತ್ತೆ ಅದೇ ಬಂಡೆ, ಅದೇ ವಾಂತಿ. ಎಲ್ಲ ಹಾಳು ಮಾಡಿದೆ ಅಂತ ತಲೆ ಮೇಲೆ ಕೈ ಹೊತ್ತು ಕೂತೆ.

“ಗಾಡಿ ರಿಪೇರಿ ಆಯ್ತು” ಅಂದಳು ಬಾಯಿ ಒರೆಸಿಕೊಳ್ಳುತ್ತ. “ಡ್ರೈವರ್ ಒಬ್ಬ ಬಾಕಿ. ನಿಧಾನಕ್ಕೆ ಹೋದ್ರೆ ದಾರಿಗೇನೂ ಬೇಜಾರಾಗಲ್ಲ ಕಣ್ರೀ.”

ತಿಂಗಳ ಮಾತು ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಉಳಿದಿರುವುದು ಒಂದೇ ವಾರ.

ನವೆಂಬರ್ 26, ಮಂಗಳವಾರ

ಕಿತ್ತುಬಂದಿದ್ದ ಸೈಲೆನ್ಸರನ್ನು ಸುತ್ತಿಗೆ ಮತ್ತೆ ಕೂರಿಸಿಕೊಟ್ಟ. ಫಸ್ಟ್ ಗೇರ್. ಪೂರ್ತಿ ದಾರಿ. ಒಂದು ನಾಯಿ ನಮ್ಮನ್ನು ಹಿಂದೆ ಹಾಕಿ ಹೋಯಿತು. ಹೊಳೆಯ ಹತ್ತಿರ ನಿಲ್ಲಿಸಬೇಕಾಗಲಿಲ್ಲ!

ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು. ಏನು ಯೋಚಿಸುತ್ತಿದ್ದಳೋ. ಕೇಳುವ ಧೈರ್ಯ ಬರಲಿಲ್ಲ.

ನವೆಂಬರ್ 29, ಶುಕ್ರವಾರ. ಸಂಜೆ 5:40

ಮನೆ ಗೇಟಿನ ಮುಂದೆ. ಎಂಜಿನ್ ಆಫ್ ಮಾಡಿಲ್ಲ. ಸ್ಟೀರಿಂಗ್ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಟೀಚರ್ ನಿದ್ದೆ ಹೋಗಿದ್ದಾಳೆ.

ಹೊಳೆ ದಾಟಿದ ಮೇಲೆ ಮಾತಿಲ್ಲದ್ದು ನೋಡಿ ಗಾಬರಿಯಾಗಿ ತಿರುಗಿದೆ. ಕುತ್ತಿಗೆ ವಾಲಿದೆ, ಬಾಯಿ ಸ್ವಲ್ಪ ತೆರೆದಿದೆ, ಎಡಗೈ ರಜಾಯಿ ತುಂಡಿನ ಮೇಲೆ. ತಿರುವುಗಳೆಲ್ಲ ಇನ್ನೂ ಮುಂದಿದ್ದವು. ಒಂದರಲ್ಲೂ ಎಚ್ಚರವಾಗಲಿಲ್ಲ. ನಾನು ಉಸಿರು ಬಿಗಿಹಿಡಿದು ಓಡಿಸಿದೆ. ಗೆದ್ದ ಯಾವ ಪಂದ್ಯದಲ್ಲೂ ಹೀಗೆ ಓಡಿಸಿಲ್ಲ.

ಎಂಜಿನ್ ನಿಂತರೆ ಎದ್ದುಬಿಡುತ್ತಾಳೆ. ಉರಿಯಲಿ ಡೀಸೆಲ್. ದೊಡ್ಡಮ್ಮ ಸಣ್ಣಗೆ ಗೊಣಗುತ್ತಿದ್ದಾಳೆ, ಜೋಗುಳದ ಹಾಗೆ. ಸುತ್ತಿಗೆ, ಅವನ ಹೆಂಡತಿ, ಬಾಮೈದ, ಸಿಸ್ಟರ್ — ಎಲ್ಲರೂ ಚೆನ್ನಾಗಿರಲಿ.

ಇದು ಅವಳು ಹೇಳಿದ ತಿಂಗಳ ಕೊನೆಯ ಸರದಿ. ಇವತ್ತು ಸಿಸ್ಟರಿಗೆ ಏನಾದರೂ ಹೇಳಿಬಂದಳೋ ಏನೋ. ಒಳಗೆ ಹೋದ ಮೇಲೆ ಕೇಳಲೇಬೇಕು. ಹೇಗೆ ಕೇಳಲಿ…

ಎದ್ದಳು.

“ಬಂದ್ವಾ?”

“ಬಂದು ಅರ್ಧ ಗಂಟೆ ಆಯ್ತು.”

“ಎಬ್ಬಿಸ್ಬಾರ್ದಾ? ಡೀಸೆಲ್ ದಂಡ.” ಕುತ್ತಿಗೆ ಉಜ್ಜಿಕೊಂಡಳು. “ಈ ಸೀಟಲ್ಲಿ ತಲೆಗೆ ಆಧಾರವೇ ಇಲ್ಲ ಕಣ್ರೀ. ಮಂಗಳವಾರ ಒಂದು ದಿಂಬು ತಂದ್ಕೋತೀನಿ.”

ಮಂಗಳವಾರ ಅಂದರೆ ಡಿಸೆಂಬರ್ ಮೂರು. ಬೇರೆ ತಿಂಗಳು.

ಅಕ್ಷರ ಕಾಣುತ್ತಿಲ್ಲ. ಕಣ್ಣು ಒರೆಸಿಕೊಂಡರೂ ಕಾಣುತ್ತಿಲ್ಲ. “ಅಷ್ಟು ಹೊತ್ತಿನಿಂದ ಏನ್ರೀ ಬರೀತಿದ್ದೀರಿ, ತೋರ್ಸಿ” ಅಂತ ಈ ಕಡೆ ಬಗ್ಗುತ್ತಿದ್ದಾ—