ಇರಲೇ ಇಲ್ಲದವನ ಸಾವಿನ ಬಗ್ಗೆ ಸದನದಲ್ಲಿ ತಾವು ಕೊಟ್ಟ ಉತ್ತರ

ಬ್ಲೈನ್‌ಹೆಲಿಗ್, ಮಾರ್ಚ್ 4

ಸದನದಲ್ಲಿ ಸರ್ಕಾರದ ಪರವಾಗಿ ಎದ್ದು ನಿಂತು ಉತ್ತರಿಸುವ ಮಾನ್ಯ ಸಚಿವರೇ,

ಕಳೆದ ಮಂಗಳವಾರ ತಾವು ಒಂದೂವರೆ ನಿಮಿಷದಲ್ಲಿ ಎರಡು ಕೆಲಸ ಮಾಡಿ ಮುಗಿಸಿದಿರಿ. ನಮ್ಮೂರಿನ ಒಬ್ಬ ಮುದುಕ ಈ ಭೂಮಿಯ ಮೇಲೆ ಇರಲೇ ಇಲ್ಲ ಎಂದಿರಿ. ಅದರ ಬೆನ್ನಿಗೇ, ನಮ್ಮೂರಿನಲ್ಲಿ ಸತ್ತ ಮುದುಕನ ತಲೆ ಒಡೆದದ್ದು ಪೊಲೀಸರ ದೊಣ್ಣೆಯಲ್ಲ, ಗುಂಪಿನಿಂದ ಬಂದ ಕಲ್ಲು ಎಂದಿರಿ. ಇಬ್ಬರೂ ಒಬ್ಬನೇ. ಆ ಕಲ್ಲು ಎಸೆದ ಆರೋಪ ಹೊತ್ತು ಸತ್ತವನ ಅಳಿಯ ಎಮ್ಲಿನ್ ಈಗ ಜೈಲಿನಲ್ಲಿದ್ದಾನೆ. ಇದೇ ಹದಿನೆಂಟಕ್ಕೆ ಅವನ ವಿಚಾರಣೆ. ಇಲ್ಲದವನನ್ನು ಕೊಂದ ತಪ್ಪಿಗೆ ಇರುವವನನ್ನು ಹತ್ತು ವರ್ಷ ಒಳಗೆ ಹಾಕುವ ವಿದ್ಯೆ ತಮ್ಮ ಕಚೇರಿಗೆ ಹೇಗೆ ಸಿದ್ಧಿಸಿತು ಎಂದು ಕೇಳಲು ಈ ಪತ್ರ.

ಗ್ರಿಫಿತ್ ಲ್ಯಾಂಪ್‌ಗೆ ಪೊಲೀಸರಿಂದ ಗಾಯಗಳಾದ ಬಗ್ಗೆ ತನಿಖೆ ಮಾಡಿಸುವಿರಾ ಎಂದು ನಮ್ಮ ಸಂಸತ್ ಸದಸ್ಯರು ಕೇಳಿದ ಪ್ರಶ್ನೆಗೆ ತಮ್ಮ ಉತ್ತರವನ್ನು ಮೊದಲು ಪೂರ್ತಿಯಾಗಿ ಬರೆಯುತ್ತೇನೆ. ತಮಗೆ ಅದು ಮರೆತಿರಬಹುದು. ನಮ್ಮಲ್ಲಿ ಐದು ವರ್ಷದ ಮಕ್ಕಳಿಗೂ ಬಾಯಿಪಾಠ.

“ಇಲ್ಲ, ಸ್ವಾಮಿ. ಬ್ಲೈನ್‌ಹೆಲಿಗ್‌ನಲ್ಲಿ ಗ್ರಿಫಿತ್ ಲ್ಯಾಂಪ್ ಎಂಬ ಹೆಸರಿನ ಯಾವ ವ್ಯಕ್ತಿಯೂ ಇರಲಿಲ್ಲವೆಂದು ನನಗೆ ತಿಳಿಸಲಾಗಿದೆ. ಫೆಬ್ರವರಿ ಹನ್ನೆರಡರ ಗಲಭೆಯ ತರುವಾಯ ಮೃತಪಟ್ಟ ಒಬ್ಬ ವ್ಯಕ್ತಿಯ ಗಾಯಗಳು ಗುಂಪಿನಿಂದ ತೂರಿಬಂದ ಕಲ್ಲಿನಿಂದ ಆದವು. ಪೊಲೀಸರು ಅತ್ಯಂತ ಸಂಯಮದಿಂದ ವರ್ತಿಸಿದರು. ಸ್ವತಂತ್ರ ಪ್ರತ್ಯಕ್ಷದರ್ಶಿಗಳಾರೂ ಮುಂದೆ ಬಂದಿಲ್ಲ. ಪ್ರಕರಣ ನ್ಯಾಯಾಲಯದ ಮುಂದಿರುವುದರಿಂದ ಹೆಚ್ಚು ಹೇಳುವುದು ಉಚಿತವಲ್ಲ.”

ನಾನು ಸಾಹಿತ್ಯ ಓದಿದವಳು. ಮೂರು ವರ್ಷ ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಒಂದೇ: ವಾಕ್ಯವನ್ನು ನಿಧಾನವಾಗಿ ಓದು, ಅದು ಎಲ್ಲಿಂದ ಬಂತು ಎಂದು ಕೇಳು. ಶಾಲೆಗಳಲ್ಲಿ ಕೆಲಸ ಸಿಗದೆ ಊರಿಗೆ ಮರಳಿ, ಗಣಿ ಕಾರ್ಮಿಕರ ಸಭಾಭವನದ ಮಹಡಿಯಲ್ಲಿರುವ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುತ್ತಿದ್ದೇನೆ. ಕಲಿತ ವಿದ್ಯೆಯನ್ನು ಬಳಸಲು ತಾವು ಈಗ ಅವಕಾಶ ಒದಗಿಸಿದ್ದೀರಿ. ವಂದನೆಗಳು.

ಹೆಸರಿನಿಂದ ಆರಂಭಿಸೋಣ. ನಮ್ಮ ಕಣಿವೆಯಲ್ಲಿ ಗ್ರಿಫಿತ್ ಪ್ರಿಚರ್ಡ್ ಎಂಬ ಹೆಸರಿನವರು ಏಳು ಜನ ಇದ್ದರು. ನಮ್ಮ ಮುದುಕ ಸತ್ತ ಫೆಬ್ರವರಿ ಹದಿನೈದರಿಂದ ಆರು. ಇಷ್ಟು ಜನರನ್ನು ಬೇರ್ಪಡಿಸಲು ನಾವು ಕಸುಬನ್ನು ಹೆಸರಿಗೆ ಅಂಟಿಸುತ್ತೇವೆ. ರೊಟ್ಟಿ ಮಾರುವ ಗ್ರಿಫ್ ಬ್ರೆಡ್, ಚರ್ಚಿನಲ್ಲಿ ಹಾಡಿಸುವ ಗ್ರಿಫ್ ಸಾಂಗ್, ಗಣಿಗೆ ಇಳಿಯುವವರಿಗೆ ದೀಪ ಹಂಚುತ್ತಿದ್ದವನು ಗ್ರಿಫ್ ಲ್ಯಾಂಪ್. ಗಣಿ ಮುಚ್ಚಿ ನಾಲ್ಕು ವರ್ಷವಾದರೂ ಹೆಸರು ಆರಲಿಲ್ಲ. ಸಂಸತ್ತಿನಲ್ಲಿ ನಮ್ಮ ಊರನ್ನು ಪ್ರತಿನಿಧಿಸುವ ಸದಸ್ಯರು ಇಪ್ಪತ್ತೆರಡು ವರ್ಷ ಅವನ ಕೈಯಿಂದ ದೀಪ ತೆಗೆದುಕೊಂಡವರು. ಲಂಡನ್ನಿನ ರೈಲಿನಲ್ಲಿ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಪ್ರಶ್ನೆ ಬರೆದಾಗ, ತಮಗೆ ಗೊತ್ತಿದ್ದ ಹೆಸರನ್ನೇ ಬರೆದರು. ಸದನದ ಗುಮಾಸ್ತರು ಅದನ್ನು ನೀಟಾಗಿ ‘ಶ್ರೀ ಗ್ರಿಫಿತ್ ಲ್ಯಾಂಪ್’ ಎಂದು ಅಚ್ಚು ಹಾಕಿಸಿದರು. “ಹೊಡೆದು ಕೊಂದ” ಎಂಬುದು ಪ್ರಶ್ನೆಯಲ್ಲ, ವಾದ ಎಂದು ಅದನ್ನು ತೆಗೆದು “ಗಾಯಗಳಾದ” ಎಂದು ತಿದ್ದಿದರು. ಅಷ್ಟು ಸೂಕ್ಷ್ಮ ಕಣ್ಣಿನವರಿಗೆ ಹೆಸರಿನ ಬಗ್ಗೆ ಒಂದು ಅನುಮಾನವೂ ಬರಲಿಲ್ಲ.

ಸದಸ್ಯರು ಶನಿವಾರ ಗ್ರಂಥಾಲಯಕ್ಕೆ ಬಂದು, ಟೊಪ್ಪಿಗೆ ತೆಗೆದು, ಕುರ್ಚಿಯಲ್ಲಿ ಕುಸಿದು ಕುಳಿತರು. “ಅವನಿಗೆ ಇನ್ನೊಂದು ಹೆಸರಿರಬಹುದು ಅನ್ನೋದೇ ನನಗೆ ಹೊಳೀಲಿಲ್ಲಮ್ಮ,” ಎಂದರು. “ಉಪಪ್ರಶ್ನೆ ಕೇಳೋಕೆ ಎದ್ದೆ. ಹೆಸರು ಕೇಳಿ ಆ ಕಡೆಯವರೆಲ್ಲ ನಗ್ತಾ ಇದ್ರು. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಅಂದ್ಬಿಟ್ರು. ಹಂದಿಮಾಂಸದ ಆಮದಿನ ಬಗ್ಗೆ.”

“ಮತ್ತೆ ಕೇಳಬಹುದಲ್ಲ, ಸರಿಯಾದ ಹೆಸರು ಹಾಕಿ?”

“ಒಂದ್ಸಲ ಉತ್ತರ ಬಂದ್ರೆ ಮುಗೀತು. ಅದೇ ವಿಷಯ ಈ ಅಧಿವೇಶನದಲ್ಲಿ ಮತ್ತೆ ಎತ್ತೋ ಹಾಗಿಲ್ಲ. ಮುಂದಿನ ಅಧಿವೇಶನ ಚಳಿಗಾಲಕ್ಕೆ.”

ಚಳಿಗಾಲಕ್ಕೆ, ಮಾನ್ಯರೇ! ವಿಚಾರಣೆ ಹದಿನೆಂಟಕ್ಕೆ. ತಮ್ಮ ಉತ್ತರ ಉತ್ತರವಲ್ಲ, ಬಾಗಿಲಿಗೆ ಹೊರಗಿನಿಂದ ಹಾಕಿದ ಅಗುಳಿ. ಸುಳ್ಳಾದರೂ ಸರಿ, ಉತ್ತರ ಎನ್ನುವುದೊಂದು ಬಿದ್ದರೆ ಪ್ರಶ್ನೆ ಸತ್ತಿತು. ನಮ್ಮ ಮುದುಕನನ್ನು ಕೊಲ್ಲಲು ಮೂರು ದಿನ ಹಿಡಿಯಿತು. ಅವನ ಬಗೆಗಿನ ಪ್ರಶ್ನೆಯನ್ನು ತಾವು ಒಂದೂವರೆ ನಿಮಿಷದಲ್ಲಿ ಕೊಂದಿರಿ.

ಸದನದ ಕಲಾಪದ ಅಚ್ಚಾದ ಹಾಳೆಗಳು ಅಂಚೆಯಲ್ಲಿ ನಮ್ಮ ಗ್ರಂಥಾಲಯಕ್ಕೂ ಬರುತ್ತವೆ. ಗುರುವಾರ ಕ್ಷೌರಿಕ ಹಾಪ್ಕಿನ್ ಅದನ್ನು ಗಟ್ಟಿಯಾಗಿ ಓದಿದ. ಬೆಂಕಿಗೂಡಿನ ಸುತ್ತ ಹದಿನಾಲ್ಕು ಮುದುಕರು, ಪೈಪುಗಳು ಆರಿಹೋಗಿದ್ದವು.

“ಕೇಳ್ರಪ್ಪಾ, ನಮ್ಮ ಗ್ರಿಫ್ ಇರ್ಲೇ ಇಲ್ವಂತೆ!”

“ಹಂಗಾದ್ರೆ ಸತ್ತೂ ಇಲ್ಲ ಅನ್ನು. ಯಾರಾದ್ರೂ ಓಡಿಹೋಗಿ ಓಲ್ವೆನ್‌ಗೆ ಹೇಳ್ರೋ, ಅಪ್ಪ ಬರ್ತಾನೆ, ಚಹಾಕ್ಕೆ ನೀರಿಡು ಅಂತ.”

“ಅವನು ಇಲ್ದಿದ್ರೆ ನಲವತ್ತು ವರ್ಷ ನಂಗೆ ದೀಪ ಕೊಟ್ಟಿದ್ದು ಯಾವ ಭೂತವೋ?”

ಅವರು ನಕ್ಕರು. ಆ ನಗೆಯನ್ನು ತಾವು ಕೇಳಿಸಿಕೊಂಡಿದ್ದರೆ ಆ ರಾತ್ರಿ ತಮ್ಮ ಮನೆಯ ಕಿಟಕಿಗಳನ್ನು ಎರಡು ಸಲ ಭದ್ರಪಡಿಸಿಕೊಳ್ಳುತ್ತಿದ್ದಿರಿ. ಆಮೇಲೆ ಒಬ್ಬ ಬೆಂಕಿ ಕೆದಕುವ ಕಬ್ಬಿಣದ ಸಲಾಕೆಯನ್ನು ಎತ್ತಿಕೊಂಡು ಕಲ್ಲಿನ ಒಲೆಕಟ್ಟೆಗೆ ಬಡಿದ. ಸಲಾಕೆ ಬಾಗುವವರೆಗೂ ಬಡಿದ. ಯಾರೂ ಅವನನ್ನು ತಡೆಯಲಿಲ್ಲ.

ಇನ್ನು ‘ತಿಳಿಸಲಾಗಿದೆ’ ಎಂಬುದು. ಕ್ರಿಯಾಪದ ಇದೆ, ಕರ್ತೃ ಎಲ್ಲಿ? ತಮಗೆ ತಿಳಿಸಿದವರು ಪೊಲೀಸ್ ಮುಖ್ಯಾಧಿಕಾರಿ. ಅವರಿಗೆ ತಿಳಿಸಿದವರು ಅವರ ಕೆಳಗಿನ ಇನ್‌ಸ್ಪೆಕ್ಟರು. ಇನ್‌ಸ್ಪೆಕ್ಟರಿಗೆ ತಿಳಿಸಿದವನು ದೊಣ್ಣೆ ಹಿಡಿದ ಪೇದೆ. ತಮ್ಮ ಉತ್ತರದ ಮೂಲ ಲೇಖಕ ಅವನೇ. ತಾವು ಪ್ರತಿ ತೆಗೆದುಕೊಂಡು, ಇಸ್ತ್ರಿ ಹಾಕಿ, ಸದನದ ಮೇಜಿನ ಮೇಲಿಟ್ಟಿರಿ. ಕಳ್ಳತನದ ದೂರು ಬಂದರೆ ತಮ್ಮ ಕಚೇರಿ ಕಳ್ಳನಿಗೇ ಕಾಗದ ಬರೆದು ವರದಿ ತರಿಸಿಕೊಳ್ಳುತ್ತದೆಯೇ?

ನಡೆದದ್ದು ಏನು ಎಂದು ತಿಳಿಸುತ್ತೇನೆ. ಇಲ್ಲಿ ಕರ್ತೃ ಉಂಟು.

ಫೆಬ್ರವರಿ ಹನ್ನೆರಡರ ಬೆಳಿಗ್ಗೆ ಹನ್ನೊಂದಕ್ಕೆ ಆರು ನೂರು ಗಂಡಸರು, ಹೆಂಗಸರು ನಿರುದ್ಯೋಗಿಗಳ ಪರಿಹಾರ ಕಚೇರಿಗೆ ಮನವಿ ಕೊಡಲು ಹೊರಟರು. ಮನೆಯೊಳಗೆ ನುಗ್ಗಿ, ಮಗಳ ದುಡಿಮೆಯನ್ನು ತೂಗಿ, ಕೆಲಸವಿಲ್ಲದ ಅಪ್ಪನ ಭತ್ಯೆ ಕತ್ತರಿಸುವ ಆ ಆದಾಯ ಪರೀಕ್ಷೆಯನ್ನು ನಿಲ್ಲಿಸಿ ಎಂದು ಕೇಳಲು. ಬೇರೆ ಜಿಲ್ಲೆಯಿಂದ ತರಿಸಿದ ಪೊಲೀಸರು ಸೇತುವೆಯ ಹತ್ತಿರ ನಿಂತಿದ್ದರು. ನಮ್ಮೂರ ಪೊಲೀಸರಾಗಿದ್ದರೆ ಹೊಡೆಯುವ ಮೊದಲು ಹೆಸರು ಹಿಡಿದು ಕರೆಯುತ್ತಿದ್ದರು, ಅದಕ್ಕೇ ಹೊರಗಿನವರು. ಅವರು ಸೀಟಿ ಊದಿ ನುಗ್ಗಿದರು. ಆರು ನೂರು ಜನ ಓಡಿದರು. ಅರವತ್ತೊಂದು ವರ್ಷದ, ಎದೆಯಲ್ಲಿ ಕಲ್ಲಿದ್ದಲ ಧೂಳು ತುಂಬಿಕೊಂಡ ಗ್ರಿಫ್ ಓಡಲಾರದೆ ನಮ್ಮ ಸಭಾಭವನದ ಪಕ್ಕದ ಓಣಿಗೆ ತಿರುಗಿದ. ಆ ಓಣಿಯ ಕೊನೆಗೆ ಗೋಡೆ. ಗೋಡೆಯ ಪಕ್ಕದಲ್ಲಿ, ಹತ್ತಡಿ ಎತ್ತರದಲ್ಲಿ, ಗ್ರಂಥಾಲಯದ ಕಿಟಕಿ. ಮುದುಕರ ಪೈಪಿನ ಹೊಗೆ ಹೋಗಲೆಂದು ಅದನ್ನು ಎರಡು ಅಂಗುಲ ತೆರೆದಿಟ್ಟಿರುತ್ತೇವೆ.

ಇಬ್ಬರು ಪೇದೆಗಳು ಹಿಂದೆಯೇ ಬಂದರು. ಗ್ರಿಫ್ ಗೋಡೆಗೆ ಬೆನ್ನು ಕೊಟ್ಟು ಅಂಗೈ ಎತ್ತಿದ.

“ಸಾಕಪ್ಪ, ಹೋಗ್ತೀನಿ. ಉಸಿರು ಬರ್ಲಿ, ಹೋಗ್ತೀನಿ.”

“ಹೋಗು ಅಂತ ನಿಂಗೆ ಯಾರು ಹೇಳಿದ್ರೋ, ಮುದಿಯಾ?”

ಮೊದಲ ಏಟು ಎತ್ತಿದ ಕೈಗೆ. ಬೆರಳುಗಳು ಹಿಂದಕ್ಕೆ ಬಾಗಿದವು. ಎರಡನೆಯದು ಭುಜಕ್ಕೆ, ಟೊಪ್ಪಿಗೆ ಹಾರಿ ಚರಂಡಿಗೆ ಬಿತ್ತು. ಮೂರನೆಯದು ಕಿವಿಯ ಮೇಲೆ. ಆ ಸದ್ದು ಎಂಥದ್ದು ಎಂದು ತಾವು ಕೇಳಿದರೆ, ಸೋಮವಾರ ಹೆಂಗಸರು ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆಯುವ ಸದ್ದು. ಅವನು ಮಂಡಿಯೂರಿದ. ನಾಲ್ಕನೆಯದು ಬೋಳುತಲೆಯ ನಡುಮಧ್ಯಕ್ಕೆ. ಅವನು ಮುಂದಕ್ಕೆ ಮಗುಚಿಕೊಂಡ. ಐದನೆಯದು, ಮಾನ್ಯರೇ, ಆಗಲೇ ನೆಲಕ್ಕೆ ಬಿದ್ದವನ ಹಿಂದಲೆಗೆ. ಒಬ್ಬ ಅವನ ಬೆನ್ನಿನ ಮೇಲೆ ಬೂಟುಗಾಲಿಟ್ಟು ಹಿಡಿದಿದ್ದ, ಇನ್ನೊಬ್ಬ ಹೊಡೆದ. ಆಗ ಎಮ್ಲಿನ್ ಗೋಡೆ ಹಾರಿ ಬಂದ. ಅವನು ಯಾರನ್ನೂ ಹೊಡೆಯಲಿಲ್ಲ, ಹೊಡೆಯಬಹುದಿತ್ತು, ಇಪ್ಪತ್ತೆಂಟು ವರ್ಷದ ಗಣಿಯಾಳು. ಅವನು ಮಾವನ ಮೇಲೆ ಮಲಗಿಬಿಟ್ಟ. ಆರನೆಯದೂ ಏಳನೆಯದೂ ಅವನ ಬೆನ್ನಿಗೆ ಬಿದ್ದವು. ಅವನ ಎರಡೂ ಕೈಗಳು ಮಾವನ ತಲೆಯ ಕೆಳಗಿದ್ದವು, ತಲೆಬುರುಡೆ ಬಿಚ್ಚಿಹೋಗದಂತೆ ಒತ್ತಿ ಹಿಡಿದಿದ್ದವು. ಬೆರಳುಗಳ ಸಂದಿಯಿಂದ ಸುರಿದದ್ದು ಏನೆಂದು ನಾನು ಬರೆಯಲಾರೆ. ಆ ಕೈಗಳೇ ಕಲ್ಲು ಎಸೆದವು ಎಂದು ತಮಗೆ ತಿಳಿಸಲಾಗಿದೆ!

ಇದು ಸಂಯಮ. ಅತ್ಯಂತ ಸಂಯಮ. ಏಳಕ್ಕೆ ನಿಲ್ಲಿಸಿದರಲ್ಲ!

ಮಹಾಯುದ್ಧ ಮುಗಿದು ಹದಿನಾರು ವರ್ಷವಾಯಿತು. ಅದರಲ್ಲಿ ಸತ್ತ ಕಣಿವೆಯ ಮೂವತ್ತೊಂಬತ್ತು ಜನರ ಹೆಸರುಗಳನ್ನು ಈ ಸರ್ಕಾರ ಅಕ್ಷರ ತಪ್ಪದಂತೆ ಕಲ್ಲಿನಲ್ಲಿ ಕೆತ್ತಿಸಿದೆ. ಆಗ ಯಾವ ಪ್ರಿಚರ್ಡ್ ಯಾವನು ಎಂದು ತಮಗೆ ಚೆನ್ನಾಗಿ ಗೊತ್ತಿತ್ತು. ತಮಗಾಗಿ ಸತ್ತವರನ್ನು ಗುರುತಿಸಬಲ್ಲಿರಿ, ತಮ್ಮಿಂದ ಸತ್ತವರನ್ನು ಮಾತ್ರ ಗುರುತಿಸಲಾರಿರಿ.

‘ಹೆಚ್ಚು ಹೇಳುವುದು ಉಚಿತವಲ್ಲ’ ಎಂಬ ಕೊನೆಯ ವಾಕ್ಯ ಎಷ್ಟು ಸಭ್ಯವಾಗಿದೆ! ನ್ಯಾಯಾಲಯಕ್ಕೆ ಗೌರವ. ಆದರೆ ಕಲ್ಲು ಎಂದಾಗ ಆ ಗೌರವ ಎಲ್ಲಿ ಹೋಗಿತ್ತು? ಆರೋಪಿಯ ಕುತ್ತಿಗೆಗೆ ಬೇಕಾದದ್ದನ್ನೆಲ್ಲ ಹೇಳಿ ಮುಗಿಸಿ, ಅವನನ್ನು ಬಿಡಿಸಬಹುದಾದದ್ದನ್ನು ಹೇಳುವ ಹೊತ್ತಿಗೆ ಸರಿಯಾಗಿ ತಮಗೆ ಔಚಿತ್ಯ ನೆನಪಾಯಿತು. ತೀರ್ಪುಗಾರರಾಗಿ ಕೂರುವ ಹನ್ನೆರಡು ಜನರೂ ಪತ್ರಿಕೆ ಓದುತ್ತಾರೆ.

ಈವರೆಗೆ ತಮ್ಮ ಸುಳ್ಳುಗಳ ಬಗ್ಗೆ ಬರೆದೆ. ತಮ್ಮ ಉತ್ತರದಲ್ಲಿ ಒಂದು ನಿಜವೂ ಇದೆ. ಇದನ್ನು ಬರೆಯಲು ಆರು ದಿನ ಬೇಕಾಯಿತು.

‘ಸ್ವತಂತ್ರ ಪ್ರತ್ಯಕ್ಷದರ್ಶಿಗಳಾರೂ ಮುಂದೆ ಬಂದಿಲ್ಲ.’ ಸತ್ಯ. ಆ ಪ್ರತ್ಯಕ್ಷದರ್ಶಿ ನಾನು. ಗ್ರಿಫ್‌ಗೆ ನಾನು ಬಂಧುವಲ್ಲ, ಯಾವ ಪಕ್ಷದವಳೂ ಅಲ್ಲ, ಮೆರವಣಿಗೆಗೂ ಹೋಗಲಿಲ್ಲ. ಎರಡು ಅಂಗುಲ ತೆರೆದ ಕಿಟಕಿಯ ಹಿಂದೆ ಒಬ್ಬಳೇ, ಕಪಾಟಿಗೆ ಬೆನ್ನು ಅಂಟಿಸಿ, ಮುಚ್ಚಿದ ಪುಸ್ತಕವೊಂದನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಏಳನ್ನೂ ಎಣಿಸಿದೆ. ಕೂಗಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ತಪ್ಪಾಗಿ ಕೊಟ್ಟರೂ ಕೇಳಲು ನಾಲಗೆ ಏಳದವಳು ನಾನು. ಆದರೆ ಇದು ಚಿಲ್ಲರೆಯಾಗಿರಲಿಲ್ಲ.

ಮರುದಿನ ಸಾರ್ಜೆಂಟ್ ಒಬ್ಬರು ಬಂದು ಕಿಟಕಿಯನ್ನು ನೋಡಿದರು, ನನ್ನನ್ನು ನೋಡಿದರು.

“ನಿನ್ನೆ ಏನಾದ್ರೂ ಕಂಡಿತಾ, ಮಿಸ್?”

“ನಾನು ಓದ್ತಾ ಇದ್ದೆ,” ಎಂದೆ.

“ಒಳ್ಳೇದಾಯ್ತು ಬಿಡಿ. ಓದಿದವರು ಓದ್ತಾನೇ ಇರ್ಬೇಕು.” ಟೊಪ್ಪಿಗೆ ಮುಟ್ಟಿ ನಮಸ್ಕರಿಸಿ ಹೋದರು. ಮೂರು ವರ್ಷದ ಪದವಿಗೆ ನನಗೆ ಸಿಕ್ಕ ಅತಿ ದೊಡ್ಡ ಶಹಭಾಸ್‌ಗಿರಿ ಅದು.

ಹೂಳಿದ ಮೇಲಿನ ವಾರ ಓಲ್ವೆನ್ ಬಂದಳು. ಅಪ್ಪನನ್ನು ಮಣ್ಣು ಮಾಡಿ, ಗಂಡನಿಗೆ ಜೈಲಿಗೆ ಊಟ ಹೊತ್ತು, ಅಪ್ಪನ ಕೋಟಿನ ಜೇಬಿನಲ್ಲಿದ್ದ ಗ್ರಂಥಾಲಯದ ಪುಸ್ತಕವನ್ನು ವಾಪಸು ಕೊಡಲು ಬಂದಿದ್ದಳು. ಗ್ರಿಫ್ ಪ್ರತಿ ಸಲವೂ ಕೇಳುತ್ತಿದ್ದ: “ಕೊನೇಲಿ ಯಾರೂ ಸಾಯದೇ ಇರೋದು ಕೊಡು ಮಗಳೇ. ಸಾಯೋದನ್ನ ಗಣೀಲಿ ಬೇಕಾದಷ್ಟು ನೋಡಿದೀನಿ.” ಅಂಥದ್ದೇ ಹುಡುಕಿ ಕೊಟ್ಟಿದ್ದೆ. ರಟ್ಟಿನ ಮೇಲೆ ಬೂಟಿನ ಹಿಮ್ಮಡಿಯ ಅಚ್ಚು ಒತ್ತಿತ್ತು, ಮೊಳೆಗಳ ಸಾಲು ಸಮೇತ. ನಾನು ಎಂದಿನಂತೆ ತಾರೀಖಿನ ಮೊಹರು ಒತ್ತಿದೆ.

ಅವಳು ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದಳು. “ಇಲ್ಲಿಂದ ಎಲ್ಲಾ ಕಾಣುತ್ತಲ್ಲೇ.”

“ಹೂಂ.”

“ನೀನು ಇದ್ಯಾ ಅವತ್ತು?”

“ಓದ್ತಾ ಇದ್ದೆ.”

ಅವಳು ನನ್ನ ಕಡೆ ತಿರುಗಿದಳು. ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. “ಅಪ್ಪ ಹೇಳ್ತಿದ್ರು,” ಎಂದಳು, “ಆ ಹುಡುಗಿ ಓದೋವಾಗ ಪುಟ ತಿರುಗಿಸೋ ಸದ್ದೂ ಬರಲ್ಲ, ಅಷ್ಟು ಒಳ್ಳೆಯವಳು ಅಂತ.” ಮೆಟ್ಟಿಲಿಳಿದು ಹೋದಳು.

ಮಾನ್ಯರೇ, ತಮ್ಮ ಉತ್ತರವನ್ನು ಬರೆಯುವುದಕ್ಕೆ ನಾನೂ ಕೈ ಜೋಡಿಸಿದ್ದೇನೆ. ಒಂದು ವಾಕ್ಯ ನನ್ನದು. ನನ್ನ ವಾಕ್ಯವನ್ನು ನಾನು ಹಿಂದಕ್ಕೆ ಪಡೆಯುತ್ತಿದ್ದೇನೆ. ನಿನ್ನೆ ಸಂಜೆ ಎಮ್ಲಿನ್ ಪರ ವಕೀಲರ ಮುಂದೆ ಇದೆಲ್ಲವನ್ನೂ ಹೇಳಿ ಸಹಿ ಹಾಕಿದ್ದೇನೆ. ಇದನ್ನು ಅಚ್ಚು ಹಾಕಿದರೆ ನ್ಯಾಯಾಲಯದ ನಿಂದನೆಯಾದೀತು ಎಂದು, ಕೇಳಿದ ಮೂರು ಪತ್ರಿಕೆಗಳೂ ಒಲ್ಲೆವೆಂದವು. ತಮ್ಮ ಉತ್ತರವನ್ನು ಮೂರೂ ಅಚ್ಚು ಹಾಕಿದ್ದವು. ಆದ್ದರಿಂದ ಇದು ನಮ್ಮ ಸಭಾಭವನದ ಬಾಗಿಲಿನ ಮೇಲೆ, ಮೊಳೆ ಹೊಡೆದು, ಊರಿಗೆಲ್ಲ ಕಾಣುವಂತಿದೆ. ಒಂದು ಪ್ರತಿ ತಮಗೆ.

ನನ್ನ ಬೇಡಿಕೆ ಇಷ್ಟೇ. ಪ್ರಶ್ನೆಯನ್ನು ಮತ್ತೆ ಕೇಳುವಂತಿಲ್ಲ ಎಂಬುದು ಸದಸ್ಯರಿಗಿರುವ ಕಟ್ಟಳೆ. ಕೊಟ್ಟ ಉತ್ತರವನ್ನು ತಾವಾಗಿ ಎದ್ದು ತಿದ್ದಲು ತಮಗೆ ಯಾವ ಅಡ್ಡಿಯೂ ಇಲ್ಲ. ಹದಿನೆಂಟರೊಳಗೆ ಎದ್ದು ನಿಲ್ಲಿ. ಗ್ರಿಫಿತ್ ಪ್ರಿಚರ್ಡ್ ಇದ್ದ ಎನ್ನಿ. ಅವನ ತಲೆಯ ಮೇಲೆ ಬಿದ್ದದ್ದು ಕಲ್ಲೆಂದು ಹೇಳಿದ್ದು ತಪ್ಪು ಎನ್ನಿ. ಒಬ್ಬ ಪ್ರತ್ಯಕ್ಷದರ್ಶಿ ಮುಂದೆ ಬಂದಿದ್ದಾಳೆ ಎನ್ನಿ. ತಾವು ಏಳದಿದ್ದರೆ ಹದಿನೆಂಟರಂದು ಕಟಕಟೆಯಲ್ಲಿ ನಾನು ಎದ್ದು ನಿಲ್ಲುತ್ತೇನೆ. ನನ್ನ ದನಿ ಹನ್ನೆರಡು ಜನರಿಗೆ ಕೇಳಿಸದೆಯೂ ಹೋದೀತು. ಎಷ್ಟು ಸಲ ಗಟ್ಟಿಯಾಗಿ ಹೇಳು ಎಂದರೂ ಅಷ್ಟು ಸಲ ಹೇಳುತ್ತೇನೆ.

ಇನ್ನೊಂದು ವಿಷಯ. ಹೊಡೆದ ಪೇದೆಯ ಕೊರಳಪಟ್ಟಿಯ ಮೇಲೆ ಲೋಹದ ಅಂಕಿಗಳಿದ್ದವು. ನನ್ನ ಕಣ್ಣು ಚುರುಕು. ಅವನ್ನು ಆಗಲೇ ಗ್ರಂಥಾಲಯದ ಚೀಟಿಯೊಂದರ ಹಿಂದೆ ಬರೆದಿಟ್ಟೆ. ಆ ಚೀಟಿ ಈಗ ವಕೀಲರ ಬಳಿ ಇದೆ. ಆ ಸಂಖ್ಯೆಯನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ, ಅಂಥ ಸಂಖ್ಯೆಯ ಪೇದೆಯೇ ಇರಲಿಲ್ಲವೆಂದು ಹದಿನೆಂಟರೊಳಗೆ ತಮಗೆ ತಿಳಿಸಲಾಗಬಹುದು.

ಇಂತಿ,
ಅಂದು ಓದುತ್ತಿರಲಿಲ್ಲವೆಂದು ಇಂದು ಒಪ್ಪಿಕೊಳ್ಳುವ,
ನೆಸ್ಟಾ ಪಾರಿ, ಬಿ.ಎ.