ಕರಿ ಲಂಗದವಳು ನಾನಲ್ಲ

ತೂಬಗೆರೆ
೧೮-೪-೧೯೭೯, ಬುಧವಾರ

ಚಿ. ಸೌ. ಅಶ್ವತ್ಥಮ್ಮನಿಗೆ ನಿನ್ನ ಅಕ್ಕ ಅಕ್ಕಯಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀವು ಚೆನ್ನಾಗಿದ್ದೀರಿ ಎಂಬುದು ನಿನ್ನ ಕಾಗದ ನೋಡಿದರೇ ಗೊತ್ತಾಗುತ್ತದೆ. ಕೊನೆಯಲ್ಲಿ 'ಆಶಾ' ಎಂದು ಸಹಿ ಹಾಕಿದ್ದೀಯಲ್ಲ, ಇದು ಯಾರಪ್ಪ ಎಂದು ಕವರು ತಿರುಗಿಸಿ ನೋಡಿದೆ. ಅಪ್ಪ ಇಟ್ಟ ಹೆಸರು ರಾಜಾಜಿನಗರದಲ್ಲಿ ನಡೆಯುವುದಿಲ್ಲವೇ? ನಾನಂತೂ ಅಶ್ವತ್ಥಮ್ಮ ಎಂದೇ ಬರೆಯುವವಳು. ಬೇಕಾದರೆ ಓದು, ಬೇಡವಾದರೆ ಬಿಡು.

ಇಷ್ಟುದ್ದ ಬರೆಯಲು ಇವಳಿಗೆ ಪುರುಸೊತ್ತು ಎಲ್ಲಿಂದ ಬಂತು ಎಂದು ನಿನಗೆ ಅನ್ನಿಸಬಹುದು. ಸೋಮವಾರದಿಂದ ಹಿತ್ತಿಲ ಜಗಲಿಯ ಮೇಲೆ ಕೂತಿದ್ದೇನೆ. ಅತ್ತೆ ತಟ್ಟೆಯನ್ನು ದೂರದಲ್ಲಿಟ್ಟು ಕೋಲಿನಿಂದ ಈ ಕಡೆ ತಳ್ಳುತ್ತಾರೆ. ನಿಮ್ಮವರು ನನ್ನ ಕಾಗದಗಳನ್ನು ಜೋರಾಗಿ ಓದಿ ನಗುತ್ತಾರೆಂದು ನೀನೇ ಹಿಂದೆ ಬರೆದಿದ್ದೆ. ಇದನ್ನೂ ಓದಲಿ. ಮುಟ್ಟಾಗಿ ಕೂತಿದ್ದೇನೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ. ಓದುವವರಿಗೆ ನಾಚಿಕೆಯಾದರೆ ಆ ಸಾಲು ಬಿಟ್ಟು ಮುಂದಕ್ಕೆ ಓದಿಕೊಳ್ಳಲಿ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಕಾಗದ ಓದಿ ನನಗೆ ಮೈಯೆಲ್ಲ ಉರಿಯಿತು. ಒಂದು ಸಲ ಓದಿ ಮಡಿಸಿಟ್ಟೆ. ತಪ್ಪಾಗಿ ಓದಿಕೊಂಡೆನೇನೋ ಎಂದು ಮತ್ತೆ ಬಿಚ್ಚಿ ಓದಿದೆ. ತಪ್ಪೇನೂ ಇರಲಿಲ್ಲ.

ಇದೇ ಇಪ್ಪತ್ತೆಂಟಕ್ಕೆ ನಿಮ್ಮವರ ಕಾರ್ಖಾನೆಯ ನಾಲ್ಕು ಸಂಸಾರ ಸೇರಿ ವ್ಯಾನು ಮಾಡಿಕೊಂಡು ಕನ್ನಂಬಾಡಿಯ ಬೃಂದಾವನಕ್ಕೆ ಹೊರಟಿದ್ದೀರಿ. ರಾತ್ರಿ ಅಲ್ಲೇ ಹೋಟೆಲಿನಲ್ಲಿ ತಂಗುತ್ತೀರಿ. ಬಹಳ ಸಂತೋಷ. ನಮ್ಮ ಮುನಿಲಕ್ಷ್ಮಿಯನ್ನೂ ಕಳಿಸು ಎಂದಿದ್ದೀಯ. ಆ ಸಾಲು ಓದಿದಾಗ ನಿಜವಾಗಿಯೂ ಕಣ್ಣು ತುಂಬಿ ಬಂತು ಕಣೇ. ಚಿಕ್ಕಮ್ಮನಿಗೆ ನನ್ನ ಮಗಳ ನೆನಪಿದೆ ಎಂದುಕೊಂಡೆ. ಪುಟ ತಿರುಗಿಸಿದೆ. 'ಪಾಪುವನ್ನು ಎತ್ತಿಕೊಳ್ಳಲು ಒಬ್ಬರು ಬೇಕು. ಕಾರಂಜಿಯ ಹೊತ್ತಿಗೆ ಪಾಪುವಿಗೆ ಥಂಡಿಯಾಗುತ್ತದೆ, ಮುನಿಲಕ್ಷ್ಮಿ ರೂಮಿನಲ್ಲಿ ಅವನನ್ನು ನೋಡಿಕೊಂಡಿದ್ದರೆ ನಾವು ನಿಶ್ಚಿಂತೆಯಾಗಿ ನೋಡಿ ಬರುತ್ತೇವೆ' ಎಂದು ಬರೆದಿದ್ದೀಯ. ಹನ್ನೆರಡು ವರ್ಷದ ಹುಡುಗಿಯನ್ನು ಬೃಂದಾವನದ ತನಕ ಕರೆದುಕೊಂಡು ಹೋಗಿ, ದೀಪ ಹತ್ತುವ ಹೊತ್ತಿಗೆ ರೂಮಿನಲ್ಲಿ ಕೂರಿಸುತ್ತೀಯಾ? ಇದನ್ನು ಬರೆಯುವಾಗ ನಿನ್ನ ಕೈ ಒಂದು ಗಳಿಗೆಯಾದರೂ ನಿಲ್ಲಲಿಲ್ಲವೇ?

ಅಷ್ಟಕ್ಕೇ ನಿಲ್ಲಿಸಿದ್ದರೆ ಎರಡು ಮಾತು ಬೈದು ನಾನೂ ಸುಮ್ಮನಾಗುತ್ತಿದ್ದೆ. ಹೊಸ ಆಲ್ಬಮ್ಮಿಗೆ ಹಳೆಯ ಫೋಟೋ ಅಂಟಿಸುವಾಗ ಬೃಂದಾವನದ ಫೋಟೋ ಸಿಕ್ಕಿತಂತೆ. 'ಅಕ್ಕ, ಅರವತ್ತಾರರಲ್ಲಿ ನಾವೆಲ್ಲ ಹೋಗಿದ್ದೆವಲ್ಲ, ಎಂಥ ದಿನ ಅದು! ಎಲ್ಲರೂ ಮೆಟ್ಟಿಲ ಮೇಲೆ ನೆಟ್ಟಗೆ ಕೂತಿದ್ದರೆ ನೀನೊಬ್ಬಳು ನಿನ್ನ ಕರಿ ಲಂಗದಲ್ಲಿ ಬೆನ್ನು ತಿರುಗಿಸಿ ಕಾರಂಜಿಯ ಕಡೆ ನೋಡುತ್ತ ನಿಂತಿದ್ದೀಯ. ನಿನಗೆ ಅವತ್ತಿನಿಂದಲೂ ಸಿಟ್ಟೇ. ನಾನು ಎಲ್ಲಿ ಆಡಲು ಹೋಗಿದ್ದೆನೋ, ಫೋಟೋದಲ್ಲೇ ಇಲ್ಲ' ಎಂದು ಬರೆದಿದ್ದೀಯ.

ಅಶ್ವತ್ಥಮ್ಮ, ನಾನು ಬೃಂದಾವನವನ್ನು ಇವತ್ತಿನ ತನಕ ನೋಡಿಲ್ಲ.

ಆ ಲಂಗ ನನ್ನದೇ. ಕೆಂಪು ಅಂಚಿನದು, ಅಪ್ಪ ದೊಡ್ಡಬಳ್ಳಾಪುರದಿಂದ ತಂದುಕೊಟ್ಟದ್ದು. ಲಂಗ ಬೃಂದಾವನಕ್ಕೆ ಹೋಯಿತು, ನಾನು ಹೋಗಲಿಲ್ಲ. ಅದನ್ನು ಯಾರು ಉಟ್ಟುಕೊಂಡಿದ್ದರು ಎಂಬುದನ್ನು ನೀನೇ ಕೂತು ಯೋಚಿಸು.

ಆ ಪ್ರಯಾಣ ಹೊರಟಿದ್ದೇ ನನ್ನ ಹೆಸರಿನಲ್ಲಿ. ಜೂನಿನಲ್ಲಿ ನನ್ನ ಮದುವೆ ಗೊತ್ತಾಗಿತ್ತು. 'ಕೊಟ್ಟ ಮನೆಗೋದ್ಮೇಲೆ ಯಾರ್ ತೋರಿಸ್ತಾರೆ, ನಮ್ಮ ಅಕ್ಕಯಮ್ಮ ಒಂದ್ ಸಲ ಬೃಂದಾವನ ನೋಡ್ಕೊಂಬರ್ಲಿ' ಎಂದು ಅಪ್ಪ ಊರ ಹತ್ತಿರದ ವಿಜಯಪುರದಲ್ಲಿ ವ್ಯಾನು ಗೊತ್ತು ಮಾಡಿ ಬಂದಿದ್ದ. ಬೆಳಿಗ್ಗೆ ಶ್ರೀರಂಗಪಟ್ಟಣದ ದೇವಸ್ಥಾನ, ಸಂಜೆ ಬೃಂದಾವನ, ಮಾರನೆಯ ದಿನ ಚಾಮುಂಡಿ ಬೆಟ್ಟ. ನಾನು ಒಂದು ತಿಂಗಳಿನಿಂದ ನಿದ್ದೆಗೆಟ್ಟಿದ್ದೆ. ನೀರಿಗೆ ಬಣ್ಣ ಹೇಗೆ ಬರುತ್ತದೆ ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದೆ. ಆಗ ಮನೆಯಲ್ಲಿ ರೇಷ್ಮೆ ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುವ ಕಾಲ. ಎರಡು ದಿನ ಸೊಪ್ಪು ಹಾಕಲು ಪಕ್ಕದ ಮನೆಯ ಲಕ್ಕಮ್ಮ ಒಪ್ಪಿದ್ದಳು. ಎಲ್ಲ ಸರಿಯಾಗಿತ್ತು.

ಹೊರಡುವ ದಿನ ನಸುಕಿನಲ್ಲಿ ಬಚ್ಚಲ ಹಿಂದೆ ನೆನೆಸಿಟ್ಟ ಬಟ್ಟೆ ಅಮ್ಮನ ಕಣ್ಣಿಗೆ ಬಿತ್ತು. 'ಯಾರ್ದೇ ಇದು?' ಎಂದಳು. ನನ್ನದು ಎಂದೆ. ಅಮ್ಮ ಹಣೆ ಹಣೆ ಚಚ್ಚಿಕೊಂಡಳು. 'ಇವತ್ತೇ ಆಗ್ಬೇಕಿತ್ತೇನೇ ನಿಂಗೆ? ದೇವಸ್ಥಾನಕ್ಕೋಗೋ ಗಾಡಿಗೆ ಹೆಂಗೆ ಹತ್ತುಸ್ಕೊಳ್ಳಿ?' ಎಂದಳು. ವ್ಯಾನಿಗೆ ಮುಂಗಡ ಕೊಟ್ಟಾಗಿತ್ತು, ಚಿತ್ರಾನ್ನ ಕಟ್ಟಿಯಾಗಿತ್ತು. ಅಪ್ಪ ಪಂಚೆಯ ತುದಿ ಹಿಡಿದುಕೊಂಡು ಎರಡು ಸಲ ಒಳಗೆ ಹೊರಗೆ ಓಡಾಡಿ, 'ಬೃಂದಾವನ ಎಲ್ಲೂ ಓಡೋಗಲ್ಲ ಬುಡು ಮಗಳೆ, ಇನ್ನೊಂದ್ ಸಲ ಕರ್ಕೊಂಡೋಗ್ತೀನಿ' ಎಂದ. ಎರಡು ವರ್ಷಕ್ಕೆ ಅಪ್ಪನೇ ಹೋಗಿಬಿಟ್ಟ. ನಮ್ಮವರ ವಿಷಯ ನಿನಗೆ ಗೊತ್ತೇ ಇದೆ, ಹದಿಮೂರು ವರ್ಷದಲ್ಲಿ ಶಿವಗಂಗೆಗೆ ಒಂದು ಸಲ ಕರೆದುಕೊಂಡು ಹೋದದ್ದನ್ನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ನನ್ನನ್ನು ಬಿಟ್ಟುಹೋದದ್ದಕ್ಕೆ ನನಗೆ ಇಷ್ಟು ಸಿಟ್ಟಿಲ್ಲ. ಮುಂದೆ ನಡೆದದ್ದನ್ನು ಕೇಳು. ಎಲ್ಲರೂ ವ್ಯಾನು ಹತ್ತಿದ ಮೇಲೆ ಅಮ್ಮ ಏನೋ ಮರೆತವಳ ಹಾಗೆ ಇಳಿದು ಬಂದಳು. ಹಿತ್ತಿಲಿಗೆ ಬಂದು ಸಣ್ಣ ದನಿಯಲ್ಲಿ, 'ತಲೆ ಮೇಲೆ ನೀರ್ ಉಯ್ಕೊಂಡು, ಅರಿಶಿನದ ನೀರ್ ಚಿಮುಕಿಸ್ಕೊಂಡು ಹುಳದ್ ಮನೆ ಒಳಕ್ಕೋಗು. ಹೊತ್ತೊತ್ತಿಗೆ ಸೊಪ್ಪಾಕು. ಯಾರ್ಗೂ ಬಾಯ್ ಬಿಡ್ಬೇಡ. ಲಕ್ಕಮ್ಮನ್ಗೆ ಬರ್ಬೇಡ ಅಂತ ಹೇಳಿದ್ದೀನಿ' ಎಂದು ಹೇಳಿ ಹೋದಳು.

ನಮ್ಮ ಕಡೆ ಮುಟ್ಟಾದವಳು ಹುಳು ಸಾಕುವ ಮನೆಯ ಹೊಸ್ತಿಲು ತುಳಿಯುವುದಿರಲಿ, ಅವಳ ನೆರಳು ಬಿದ್ದರೂ ಹುಳು ಸಾಯುತ್ತದೆ ಎನ್ನುತ್ತಾರೆ. ಆ ಮಾತನ್ನು ನಮಗೆ ಹೇಳಿಕೊಟ್ಟು ಬೆಳೆಸಿದವಳೇ ಅಮ್ಮ. ತಲೆಗೆ ಸುರಿದುಕೊಂಡ ಒಂದು ತಂಬಿಗೆ ನೀರು ಹುಳುವಿಗೆ ಸಾಕಾಯಿತು. ಅದೇ ನೀರು ವ್ಯಾನಿನ ಸೀಟಿಗೆ ಯಾಕೆ ಸಾಕಾಗಲಿಲ್ಲ? ದೇವಸ್ಥಾನದ ಹೊರಗೆ ಮರದಡಿ ಕೂತಿರುತ್ತಿದ್ದೆನಲ್ಲ, ಬೃಂದಾವನಕ್ಕೆ ಮಡಿ ಎಲ್ಲಿತ್ತು? ಈ ಪ್ರಶ್ನೆ ನಾನು ಅವತ್ತು ಕೇಳಲಿಲ್ಲ. ನನಗೆ ಹದಿನೆಂಟು ವರ್ಷ, ಬಾಯಿ ಬರಲಿಲ್ಲ. ಈಗ ಬಾಯಿ ಬಂದಿದೆ, ಕೇಳೋಣ ಎಂದರೆ ಅಮ್ಮನಿಗೆ ಕಿವಿ ಕೇಳುವುದಿಲ್ಲ.

ನೀನು ವ್ಯಾನಿನ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಒಂದು ಸಲ ನನ್ನ ಕಡೆ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಎರಡು ಹಗಲು, ಎರಡು ರಾತ್ರಿ. ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತರುವುದು, ತಟ್ಟೆಗಳಿಗೆ ಹಾಕುವುದು, ಕಸ ತೆಗೆಯುವುದು, ಮತ್ತೆ ತೋಟಕ್ಕೆ ಹೋಗುವುದು. ಬೃಂದಾವನದಲ್ಲಿ ದೀಪ ಹತ್ತುವ ಹೊತ್ತಿಗೆ ನಾನು ಲಾಟೀನು ಹಿಡಿದುಕೊಂಡು ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದೆಯೇ ಎಂದು ಒಂದೊಂದೇ ತಟ್ಟೆ ಬಗ್ಗಿ ನೋಡುತ್ತಿದ್ದೆ. ಎರಡನೆಯ ದಿನ ಹಣ್ಣಾದವು. ಹಣ್ಣಾದ ಹುಳು ಕಾಯುವುದಿಲ್ಲವಲ್ಲ, ಒಬ್ಬಳೇ ಆರಿಸಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗೆ ಬಿಟ್ಟೆ. ಬೆನ್ನು ಎತ್ತಲಾಗಲಿಲ್ಲ.

ನೀವು ಬಂದಿರಿ. ಅಮ್ಮ ಮೈಸೂರು ಪಾಕನ್ನು ನನ್ನ ಕೈಗೆ ಕೊಡಲಿಲ್ಲ. ನಾನು ಅಂಗೈ ಚಾಚಿದೆ, ಮೇಲಿನಿಂದ ಹಾಕಿದಳು, ಮುಟ್ಟಬಾರದಲ್ಲ. ಅದೇ ಕೈಯಿಂದಲೇ ಅವಳ ಹುಳುಗಳನ್ನೆಲ್ಲ ಚಂದ್ರಂಕಿ ಹತ್ತಿಸಿ ಮುಗಿಸಿದ್ದೆ. ಗೂಡು ಎಷ್ಟು ಚೆನ್ನಾಗಿ ಬಂತೆಂದರೆ ಊರಿನವರು ನೋಡಲು ಬಂದರು. ನಾನು ಅಲ್ಲೇ ಗೂಡು ಬಿಡಿಸುತ್ತ ಕೂತಿದ್ದೆ. ಅಮ್ಮ ಲಕ್ಕಮ್ಮನಿಗೆ ಹೇಳಿದಳು: 'ಮಡಿಯಾಗಿ ನೋಡ್ಕೊಂಡ್ರೆ ಹುಳ ಕೈ ಬಿಡಲ್ಲ ಕಣಮ್ಮ.' ನಾನು ತಲೆಯೆತ್ತಿ ಅಮ್ಮನ ಮುಖ ನೋಡಿದೆ. ಅವಳು ಗೂಡು ನೋಡುತ್ತಿದ್ದಳು.

ಇದು ನಿನಗೆ 'ಎಂಥ ದಿನ'. ನನ್ನನ್ನು ಆ ಮೆಟ್ಟಿಲ ಮೇಲೆ ನಿಲ್ಲಿಸಿ, ಕಾರಂಜಿ ತೋರಿಸಿ, ಸಿಟ್ಟಿನವಳು ಎಂದೂ ಹೇಳಿ ಮುಗಿಸಿಬಿಟ್ಟಿದ್ದೀಯ. ಸಿಟ್ಟಿನವಳು ಹೌದು. ಯಾಕೆ ಎಂದು ಒಂದು ಸಲವಾದರೂ ಕೇಳಿದೆಯಾ?

ಇಷ್ಟು ಸಾಕು. ಮುನಿಲಕ್ಷ್ಮಿಯ ಮಾತಿಗೆ ಬರುತ್ತೇನೆ. ನಿನ್ನ ಮಗು ನನಗೂ ಮಗುವೇ. ಅವನನ್ನು ಎತ್ತಿಕೊಳ್ಳಬೇಡ ಎಂದು ನನ್ನ ಮಗಳಿಗೆ ನಾನು ಹೇಳುವುದಿಲ್ಲ. ಆದರೆ ದೀಪ ಹತ್ತಿದಾಗ ಅವಳು ಕಾರಂಜಿಯ ಮುಂದೆ ಇರಬೇಕು. ರೂಮಿನಲ್ಲಿ ಯಾರಾದರೂ ಕೂರಲೇಬೇಕೆಂದಿದ್ದರೆ ನಿಮ್ಮವರು ಕೂರಲಿ, ಅವರು ಎರಡು ಸಲ ನೋಡಿದ್ದಾರೆಂದು ನೀನೇ ಬರೆದಿದ್ದೀಯ. ಇನ್ನೊಂದು ಮಾತು. ಅವಳೊಬ್ಬಳೇ ಬರುವುದಿಲ್ಲ. ನಾನೂ ಬರುತ್ತೇನೆ. ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನಮ್ಮ ಪಾಲಿನ ಖರ್ಚು ತರುತ್ತೇನೆ, ಹಾಲು ಮಾರಿದ ದುಡ್ಡು ನನ್ನದೇ ಇದೆ. ವ್ಯಾನಿನಲ್ಲಿ ಕಿಟಕಿಯ ಹತ್ತಿರ ಎರಡು ಸೀಟು ಹಿಡಿದಿಡು. ಇಪ್ಪತ್ತೇಳು, ಶುಕ್ರವಾರ ಸಂಜೆಯ ಬಸ್ಸಿಗೆ ಬಂದು ಇಳಿಯುತ್ತೇವೆ.

ಈ ಕಾಗದವನ್ನೂ ಪಾಪುವಿಗೆ ಹುರಿಹಿಟ್ಟಿನ ಡಬ್ಬವನ್ನೂ ಪಕ್ಕದ ಮನೆಯ ಆವಲಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಹಿಟ್ಟು ಹೋದ ವಾರವೇ ಹುರಿದು ಬೀಸಿದ್ದು. ಡಬ್ಬವನ್ನು ನೀನೇ ಕೈಯಾರೆ ಬಗ್ಗಿಸಿ ಹಿಟ್ಟು ತೆಗೆ, ಕೆಲಸದವಳ ಕೈಗೆ ಕೊಡಬೇಡ. ಕಾಗದ ಯಾರು ಓದಿದರೂ ಡಬ್ಬಕ್ಕೆ ಕೈ ಹಾಕುವವಳು ನೀನೇ ಆಗಿರಬೇಕು.

ಪಾಪುವಿಗೆ ನನ್ನ ಮುತ್ತುಗಳು.

ಇಂತಿ,
ಇನ್ನೂ ಸಿಟ್ಟಿಳಿಯದ ನಿನ್ನ ಅಕ್ಕ,
ಅಕ್ಕಯಮ್ಮ

(ಹುರಿಹಿಟ್ಟಿನ ಡಬ್ಬದ ತಳದಲ್ಲಿ ಮಡಿಸಿಟ್ಟ ಚೀಟಿ)

ಅಚ್ಚೂ, ಇದನ್ನು ಓದಿ ಒಲೆಗೆ ಹಾಕು. ಮೇಲಿನ ಕಾಗದದಲ್ಲಿ ಇದನ್ನು ಬರೆಯಲಿಲ್ಲ, ನಿಮ್ಮವರು ಓದುತ್ತಾರೆ. ನನ್ನ ಮಾನದ ಚಿಂತೆ ನನಗಿಲ್ಲ, ನಿನ್ನದು ನನ್ನ ಕೈಯಿಂದ ಹೋಗಬಾರದು.

ಅವತ್ತು ಬಚ್ಚಲ ಹಿಂದೆ ಇದ್ದ ಬಟ್ಟೆ ನಿನ್ನದು. ನಸುಕಿನಲ್ಲಿ ನನ್ನನ್ನು ಎಬ್ಬಿಸಿ, 'ಅಕ್ಕಾ, ನಂಗೇನೋ ಆಗೋಗೈತೆ, ಅಮ್ಮನ್ಗೆ ಹೇಳ್ಬೇಡ' ಎಂದು ನಡುಗುತ್ತಿದ್ದೆ. ಹದಿಮೂರು ವರ್ಷದವಳು. ಹೇಳಿದ್ದರೆ ವ್ಯಾನು ಅಲ್ಲಿಗೇ ನಿಲ್ಲುತ್ತಿತ್ತು, ನೀನು ಹದಿನಾರು ದಿನ ತೆಂಗಿನ ಗರಿಯ ಗುಡಿಸಲಿನಲ್ಲಿ ಕೂರಬೇಕಿತ್ತು. ನಾನು ಆ ಗುಡಿಸಲಿನಲ್ಲಿ ಕೂತಿದ್ದಾಗಲೇ ನನ್ನ ಏಳನೇ ಕ್ಲಾಸಿನ ಪರೀಕ್ಷೆ ಮುಗಿದುಹೋಗಿತ್ತು. ಅದಕ್ಕೇ ನಿನಗೆ ಬಟ್ಟೆ ಮಡಿಸುವುದು ಹೇಳಿಕೊಟ್ಟೆ. ಕಲೆಯಾದರೂ ಕಾಣದಿರಲಿ ಎಂದು ನನ್ನ ಕರಿ ಲಂಗವನ್ನು ಎರಡು ಮಡಿಕೆ ಹಾಕಿ ಉಡಿಸಿದೆ. ಫೋಟೋದಲ್ಲಿ ಬೆನ್ನು ತಿರುಗಿಸಿ ನಿಂತವಳು ನೀನು. ಮನೆಯವರ ಪ್ರಕಾರ ನೀನು ದೊಡ್ಡವಳಾದದ್ದು ಶ್ರಾವಣದಲ್ಲಿ. ಎಲ್ಲರೂ ಹೇಳಿದ್ದನ್ನು ನೀನೂ ನಂಬಿ ಮರೆತೆಯೋ, ಮರೆತ ಹಾಗೆ ಇದ್ದೀಯೋ, ಅದು ನಿನಗೇ ಗೊತ್ತು. ಆ ದಿನ ನೀನು ದೇವಸ್ಥಾನದ ಒಳಗೆ ಹೋಗಿ ತೀರ್ಥ ತೆಗೆದುಕೊಂಡು ಬಂದೆ. ದೇವರು ನಿನಗೆ ಏನೂ ಮಾಡಲಿಲ್ಲ. ಮನೆ ಕೊಟ್ಟ, ಗಂಡು ಮಗು ಕೊಟ್ಟ. ಹುಳು ಗೂಡು ಕಟ್ಟಿತು, ದೇವರು ಸುಮ್ಮನಿದ್ದ. ಮುನಿಸಿಕೊಂಡವಳು ನಾನೊಬ್ಬಳೇ.

ಸೋಮವಾರ ಬೆಳಿಗ್ಗೆ ಮುನಿಲಕ್ಷ್ಮಿ ದೊಡ್ಡವಳಾದಳು. ನಿನ್ನ ಹಾಗೆಯೇ ಬಂದು ಎಬ್ಬಿಸಿದಳು. ಬೃಂದಾವನಕ್ಕೆ ಹೋಗುವ ಹಾಗಿಲ್ಲವಾ ಅಮ್ಮ ಎಂದು ಮೊದಲು ಕೇಳಿದ್ದೇ ಅದನ್ನು. ಅತ್ತೆಗೆ ಗೊತ್ತಿಲ್ಲ. ಬಟ್ಟೆ ನನ್ನದು ಎಂದು ಹೇಳಿದ್ದೇನೆ. ಅದಕ್ಕೇ ಮೂರು ದಿನದಿಂದ ಜಗಲಿಯ ಮೇಲೆ ಕೂತಿದ್ದೇನೆ, ನನಗೆ ಏನೂ ಆಗಿಲ್ಲ. ಹಿಟ್ಟನ್ನು ಡಬ್ಬಕ್ಕೆ ತುಂಬಿ ಈ ಚೀಟಿ ಇಟ್ಟವಳೂ ಅವಳೇ. ಕೆಟ್ಟಿದೆಯೇ ಮೂಸಿ ನೋಡು.

ಎರಡನೆಯ ಸಲ ಅದೇ ಸುಳ್ಳು ಹೇಳಿದ್ದೇನೆ ಅಚ್ಚೂ. ಈ ಸಲ ಸುಳ್ಳು ಹೇಳಿ ಮನೆಯಲ್ಲಿ ಉಳಿಯುವುದಿಲ್ಲ. ಎರಡು ಸೀಟು ಹಿಡಿದಿಡು.