ಅಂಚಿನ ಸಾಲಿನ ಜೀವಕೋಶಗಳು

ಮಾರ್ಚ್ 4, ಬೆಳಗ್ಗೆ 9

ಮತ್ತೆ ಪ್ಲೇಟ್ ಹಾಕಿದೆ. ಅಂಗೈಯಗಲದಲ್ಲಿ ತೊಂಬತ್ತಾರು ಗುಳಿ, ಗುಳಿಗಳಲ್ಲಿ ಸ್ತನ ಕ್ಯಾನ್ಸರಿನ ಜೀವಕೋಶಗಳು. ನಡುವಿನವಕ್ಕೆ ಹಿಸ್ಟಮಿನ್. ಅಂಚಿನ ಸಾಲುಗಳಿಗೆ ಏನೂ ಇಲ್ಲ — ಅದು ಹೋಲಿಸಿ ನೋಡಲು ಇಟ್ಟ ಕಂಟ್ರೋಲ್. ಆರು ವರ್ಷದಿಂದ ಇದೇ ಕ್ರಮ. ಮೈಮೇಲೆ ಗಂಧೆ ಏಳಿಸುವ ಹಿಸ್ಟಮಿನ್ ಕ್ಯಾನ್ಸರನ್ನೂ ಬೆಳೆಸುತ್ತದೆ ಎಂದು ತೋರಿಸಬೇಕು. ಇದುವರೆಗೆ ಎರಡೂ ಸಮಸಮ.

ಪ್ಲೇಟುಗಳನ್ನು ಬೆಚ್ಚಗಿಡುವ ನನ್ನ ಇನ್‌ಕ್ಯುಬೇಟರಿನ ಬಾಗಿಲು ತೆಗೆದು ಸಾಜಿದ ನಿಂತಿದ್ದ. ಭಾಲ್ಕಿಯವನು, ಲ್ಯಾಬಿಗೆ ಬಂದು ಎರಡು ವರ್ಷ. ಏನೋ ಹೇಳಲು ಬಾಯಿ ತೆರೆದ, ನಾನು ಬಿಡಲಿಲ್ಲ. ಬಂದುಹೋದವರೆಲ್ಲ ನೋಡಲು ಅದೇನು ಬೀದರ ಕೋಟೆಯೇ? ಬೀಗ ಹಾಕಿಸಿದೆ. ಕೀಲಿ ನನ್ನ ಪರ್ಸಿನಲ್ಲಿ.

ಮಾರ್ಚ್ 21

ಬಂತು! ಹಿಸ್ಟಮಿನ್ ಕೊಟ್ಟ ಗುಳಿಗಳಲ್ಲಿ ಹೆಚ್ಚುಕಡಿಮೆ ಎರಡರಷ್ಟು ಜೀವಕೋಶ. ಒಂದರ ಹಿಂದೆ ಒಂದು ಹಾಕಿದ ಮೂರೂ ಪ್ಲೇಟಿನಲ್ಲಿ. ಪೇಪರ್ ಬರೆಯಲು ಗೈಡ್ ಸಿದ್ದೇಶ್ವರ ಸರ್ ಹೇಳಿದರು. ಖಾಯಂ ಹುದ್ದೆ ಒಂದೇ ಇದೆ, ನಾನು ಮತ್ತು ಸಾಜಿದ ಇಬ್ಬರು. ಪೇಪರ್ ಆದರೆ ಅದು ನನ್ನದು.

ಚಿದ್ರಿಯ ಬಾಡಿಗೆ ರೂಮಿಗೆ ಬಂದು ಊರಿಗೆ, ಎಕಂಬಾಕ್ಕೆ, ಫೋನ್ ಮಾಡಿದೆ. ಕ್ಯಾನ್ಸರ್ ಬೆಳೆಯಿತು ಎಂದೆ. "ಥೂ, ಅದನ್ಯಾಕ ಬೆಳಸ್ತಿ?" ಎಂದಳು ಅವ್ವ.

ಏಪ್ರಿಲ್ 3

ಸಾಜಿದ ಅದೇ ಪ್ರಯೋಗ ತಾನೂ ಮಾಡಿ ನೋಡಿದನಂತೆ, ಇನ್ನೊಂದು ಇನ್‌ಕ್ಯುಬೇಟರಿನಲ್ಲಿ. ಏನೂ ಫರಕಿಲ್ಲವಂತೆ. ಸರ್ ಎದುರಿಗೇ ಹೇಳಿದ. ಮೈ ಉರಿಯಿತು. ಅವನ ಕೈ ಶುದ್ಧವಿಲ್ಲ, ಅವನ ಜೀವಕೋಶಗಳಿಗೆ ಸೋಂಕು ತಗಲಿದೆ ಎಂದೆ. ಅವನ್ನು ನಾನು ನೋಡಿಯೇ ಇರಲಿಲ್ಲ. ಆದರೂ ಎಂದೆ.

ಏಪ್ರಿಲ್ 9

ಸರ್ ಅವನನ್ನು ತೆಗೆದರು. ಹೋಗುವಾಗ ತನ್ನ ಬೆಂಚು ಒರೆಸಿ ಹೋದ. ಅದೂ ಸೊಕ್ಕೇ.

ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

ಮೇ 2, ಮಧ್ಯಾಹ್ನ 3

ಪೇಪರ್ ಎಂಟನೇ ತಾರೀಖಿಗೆ ಪತ್ರಿಕೆಗೆ ಹೋಗುತ್ತದೆ. ಹೊರಗೆ ಕೆಂಡದಂಥ ಬಿಸಿಲು. ಇನ್‌ಕ್ಯುಬೇಟರ್ ಒರೆಸಲು ಬಗ್ಗಿದೆ. ಒಳಗಿನ ಗಾಳಿ ಒಣಗಬಾರದೆಂದು ತಳದಲ್ಲಿ ನೀರಿನ ಟ್ರೇ ಇರುತ್ತದೆ. ಟ್ರೇ ಬಣಬಣ ಒಣಗಿತ್ತು.

ನಾನು ತುಂಬಿದ್ದು ಯಾವಾಗ? ಎಂದೂ ಇಲ್ಲ. ಮೊದಲು ಅಟೆಂಡರ್ ಮಕ್ಬೂಲ ಚಾಚಾ ತುಂಬುತ್ತಿದ್ದರು. ರಿಟೈರ್ ಆಗುವಾಗ ಸಾಜಿದನಿಗೆ ಹೇಳಿ ಹೋದರು. ಅವನು ಬಾಗಿಲು ತೆಗೆಯುತ್ತಿದ್ದುದು ಅದಕ್ಕೆ...

ಒಣ ಗಾಳಿಗೆ ಮೊದಲು ಬತ್ತುವವು ಅಂಚಿನ ಗುಳಿಗಳು. ಅಂಚಿನಲ್ಲಿ ನನ್ನ ಕಂಟ್ರೋಲ್. ಹಾಗಾದರೆ ನಡುವಿನವು ಹೆಚ್ಚು ಬೆಳೆದಿಲ್ಲ, ಅಂಚಿನವು ಸೊರಗಿವೆ. ಬೀಗ ಹಾಕಿದ್ದಕ್ಕೆ ಬಂದ ರಿಸಲ್ಟ್.

ಟ್ರೇ ತುಂಬಿದೆ. ಕಂಟ್ರೋಲನ್ನು ನಡುವೆ ಇಟ್ಟು ಹೊಸ ಪ್ಲೇಟ್ ಹಾಕಿದೆ.

ಮೇ 5

ಫರಕಿಲ್ಲ. ಎರಡು ಸಲ ಎಣಿಸಿದೆ.

ಮೇ 6

ಭಾಲ್ಕಿಗೆ ಹೋದೆ. ಸಾಜಿದ ಮಾವನ ಮೆಡಿಕಲ್ ಅಂಗಡಿಯಲ್ಲಿ ಕೂತಿದ್ದ. ಟ್ರೇ, ಅಂಚು, ಎಲ್ಲ ಹೇಳಿದೆ. ತಪ್ಪಾಯಿತು ಎನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ. ಗಿರಾಕಿಯನ್ನು ಕಳಿಸಿ ಇತ್ತ ತಿರುಗಿದ.

"ನಂಗ ಗೊತ್ತಿತ್ರಿ ಮೇಡಂ. ನಿಮ್ಮ ರಿಸಲ್ಟ್ ಬಂದ ದಿನಾನೇ ಗೊತ್ತಾಗಿತ್ತು."

ಮತ್ತೆ ಯಾಕೆ ಹೇಳಲಿಲ್ಲ ಎಂದೆ.

"ನನ್ನ ತಗದ ಮ್ಯಾಲ ಪೇಪರ್ ಛಾಪ್ ಆಗ್ಲಿ ಅಂತ ಕುಂತಿದ್ದೆರಿ. ಆಮ್ಯಾಲ ಛಾಪ್ ಮಾಡಿದವರಿಗೇ ಬರದು ಹಾಕಾಂವ ಇದ್ದೆ. ಎಲ್ಲಾರಿಗೂ ಗೊತ್ತಾಗ್ಲಿ ಅಂತ."

ಚಹಾ ಕುಡಿಯುತ್ತೀರಾ ಎಂದೂ ಕೇಳಿದ. ಎದ್ದು ಬಂದೆ. ಬಸ್ಸಿನಲ್ಲಿ ಬೀದರದ ತನಕ ಮನಸ್ಸಿನಲ್ಲೇ ಬೈದೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮೇ 7, ಸಂಜೆ 6

ಸರ್ ಫೋನ್. "ನಾಳಿ ಮುಂಜಾನಿ ಕಳಸೋಣ, ಸಹಿ ಮಾಡಿ ಕೊಡ್ರಿ ವಿಶಾಖಾ. ಹುದ್ದೆಗೂ ನಿಮ್ಮ ಹೆಸರೇ ಬರದೇನಿ."

ಹೂಂ ಎಂದೆ. ಆ ಬಾಯಿಗೆ ಹೊಡೆದುಕೊಳ್ಳಬೇಕು.

ಹೇಳಿದರೆ ಸಾಜಿದನನ್ನು ವಾಪಸು ಕರೆಸುತ್ತಾರೆ, ಹುದ್ದೆಯೂ ಅವನಿಗೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವನನ್ನು ಕಂಡರೆ ನನಗಾಗುವುದಿಲ್ಲ, ಮುಂದೆಯೂ ಆಗಲಿಕ್ಕಿಲ್ಲ. ಆದರೆ ಆ ಸುಳ್ಳು ಲೆಕ್ಕ ನಂಬಿ ಇನ್ನೆಲ್ಲೋ ಯಾರೋ ಔಷಧ ಹುಡುಕಲು ಕೂರುತ್ತಾರೆ.

ಮೇಲ್ ಹಾಕುವ ಮೊದಲು ಇಲ್ಲಿ ಬರೆದು ನೋಡುತ್ತೇನೆ. ಸರ್, ಸಾಜಿದನ ಕೈ ಶುದ್ಧವಾಗಿಯೇ ಇತ್ತು. ಸೋಂಕಿದೆ ಎಂದು ಅವತ್ತು ನಾನು ನಿಮಗೆ ಹೇಳಿದ್ದು —